12 ಭಾನುವಾರ, 3,500 ರೂಪಾಯಿ: ಬಳ್ಳಾರಿಯ ಒಂದು ಸಂವಿಧಾನ ಕ್ಲಾಸು ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸಿನ ಹೆಸರು ಬರೆಯುವುದಿಲ್ಲ. ದೂರೂ ಇದೆ, ಹೊಗಳಿಕೆಯೂ ಇದೆ. ಹೆಸರು ಹಾಕಿದರೆ ನಾಳೆಯೇ ಫೋನ್ ಬರುತ್ತದೆ, ನನಗೆ ಅದೆಲ್ಲ ಬೇಡ. ಬಳ್ಳಾರಿಯಲ್ಲಿ ಭಾನುವಾರ ಸಂವಿಧಾನ ಒಂದನ್ನೇ ಹೇಳಿಕೊಡುವ ಕ್ಲಾಸು ಎಲ್ಲಿದೆ ಎಂದು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಾನು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ವಾರಕ್ಕೆ ರಜೆ ಒಂದೇ ದಿನ. ಆ ಒಂದು ದಿನವನ್ನೂ ಮೂರು ತಿಂಗಳು ಇಲ್ಲಿ ಕೊಟ್ಟಿದ್ದೇನೆ, ಜೊತೆಗೆ 3,500 ರೂಪಾಯಿ. ಹಾಗಾಗಿ ನಾಲ್ಕು ಮಾತು ಬರೆಯೋ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಜಾಗದ ಬಗ್ಗೆ ಜಾಸ್ತಿ ಹೇಳೋಕೇನೂ ಇಲ್ಲ. ಜೆರಾಕ್ಸ್ ಅಂಗಡಿ ಮೇಲೆ ಎರಡನೇ ಮಹಡಿ, ತಗಡಿನ ಶೀಟು. ನಲವತ್ತು ಕುರ್ಚಿ, ಐವತ್ತೈದು ಜನ. ಎರಡು ಫ್ಯಾನ್, ಅದರಲ್ಲಿ ಒಂದು ಸುಮ್ನೆ ತಿರುಗುತ್ತದೆ, ಗಾಳಿ ಬರುವುದಿಲ್ಲ. ಬಳ್ಳಾರಿಯ ಬಿಸಿಲು ಗೊತ್ತಿದ್ದವರಿಗೆ ಇಷ್ಟು ಸಾಕು.

ಪಾಠಕ್ಕೆ ಬರುತ್ತೇನೆ. ಹೇಳಿಕೊಡುವವರು ವಕೀಲರಾಗಿದ್ದು ಈಗ ನಿವೃತ್ತಿ ತೆಗೆದುಕೊಂಡವರು. ಹನ್ನೆರಡು ಭಾನುವಾರದಲ್ಲಿ ನಾಲ್ಕನ್ನು ಒಂದೇ ವಿಷಯಕ್ಕೆ ಖರ್ಚು ಮಾಡಿದರು. ಧರ್ಮದ ವಿಷಯದಲ್ಲಿ ಶಾಸನಸಭೆ ಎಲ್ಲಿಯವರೆಗೆ ಕೈ ಹಾಕಬಹುದು, ಹಾಕಿದರೂ ಅದು ದಿಲ್ಲಿಯ ಕೈಯೋ ಬೆಂಗಳೂರಿನ ಕೈಯೋ ಅನ್ನೋದು. ಇದಕ್ಕೆ ಅರ್ಧ ಕ್ಲಾಸು ಗೊಣಗಿತು. "ಒಂದು ಮಾರ್ಕಿನ ಪ್ರಶ್ನೆಗೆ ನಾಲ್ಕು ವಾರ ಯಾಕೆ ಸರ್" ಎಂದು ಸಿರುಗುಪ್ಪದ ಒಬ್ಬ ಹುಡುಗ ಎದ್ದು ನಿಂತು ಕೇಳಿಯೂ ಬಿಟ್ಟ. ಸರ್ ನಕ್ಕು, "ಕೂತ್ಕೋಪ್ಪಾ, ಆ ಒಂದು ಮಾರ್ಕಿಗೂ ತಪ್ಪು ಬರೀತೀಯ ನೀನು" ಅಂದರು. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಆ ನಾಲ್ಕು ಭಾನುವಾರಗಳಿಗಾಗಿ. ಉಳಿದ ಎಂಟು ಎಲ್ಲ ಕಡೆ ಸಿಗುವಂಥವೇ.

ಮೊದಲ ದಿನ ಬೋರ್ಡಿನ ಮೇಲೆ ಎರಡೇ ಸಾಲು ಬರೆದರು. "ಹೊಲ ಯಾರದು? ಬದು ಎಲ್ಲಿ?" ಕಾನೂನು ಯಾವುದೇ ಇರಲಿ, ಈ ಎರಡು ಕೇಳಬೇಕಂತೆ. ಹೊಲ ಯಾರದು ಅಂದರೆ ಆ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿನದೋ ರಾಜ್ಯದ್ದೋ ಅನ್ನೋದು. ಅದಕ್ಕೆ 246ನೇ ವಿಧಿ, ಏಳನೇ ಅನುಸೂಚಿಯ ಮೂರು ಪಟ್ಟಿ. ಬದು ಎಲ್ಲಿ ಅಂದರೆ ಮೂಲಭೂತ ಹಕ್ಕುಗಳು. ಹೊಲ ನಿನ್ನದೇ ಆಗಿದ್ದರೂ ಬದು ದಾಟಿ ಉಳುವ ಹಾಗಿಲ್ಲ, ಉಳುಮೆ ಮಾಡಿದರೆ 13ನೇ ವಿಧಿ ಪ್ರಕಾರ ಅಷ್ಟರಮಟ್ಟಿಗೆ ಆ ಕಾನೂನು ಅನೂರ್ಜಿತ. ನನಗೆ ಇದುವರೆಗೆ ಈ ಎರಡೂ ಒಂದೇ ಪ್ರಶ್ನೆ ಅನ್ನೋ ಭಾವನೆ ಇತ್ತು, ಟಿವಿಯಲ್ಲಿ ಜಗಳ ಆಡುವವರಿಗೂ ಹಾಗೇ ಇದ್ದಂತಿದೆ.

ಪಟ್ಟಿಗಳನ್ನು ಬಾಯಿಪಾಠ ಮಾಡಿಸಲಿಲ್ಲ. ಬದಲಿಗೆ ಒಬ್ಬೊಬ್ಬರನ್ನೇ ಕೇಳಿದರು. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಯಾರು? ನಾಲ್ಕೈದು ಕೈ ಎದ್ದವು. ಅದು ರಾಜ್ಯ ಪಟ್ಟಿ, 7ನೇ ನಮೂದು. ಮನೆಯಲ್ಲಿ ಯಾರಾದರೂ ಹಜ್‌ಗೆ ಹೋಗಿದ್ದಾರಾ? ಕೌಲ್ ಬಜಾರಿನ ಒಬ್ಬಳು ಕೈ ಎತ್ತಿದಳು. ದೇಶದ ಹೊರಗಿನ ಯಾತ್ರೆ ಕೇಂದ್ರ ಪಟ್ಟಿ, 20ನೇ ನಮೂದು. ಸುಡುಗಾಡು, ಖಬರಸ್ತಾನ ರಾಜ್ಯದ 10. ಮದುವೆ, ವಿಚ್ಛೇದನ, ವಾರಸುದಾರಿಕೆ ಸಮವರ್ತಿ ಪಟ್ಟಿಯ 5. ಗುಡಿ, ಮಠ, ದತ್ತಿ ಅದೇ ಪಟ್ಟಿಯ 28. ಸಮವರ್ತಿ ಅಂದರೆ ಇಬ್ಬರೂ ಉಳಬಹುದಾದ ಹೊಲ. ಇಬ್ಬರ ಕಾನೂನೂ ಡಿಕ್ಕಿ ಹೊಡೆದರೆ 254ನೇ ವಿಧಿ ಪ್ರಕಾರ ಸಂಸತ್ತಿನದೇ ನಿಲ್ಲುತ್ತದೆ, ರಾಜ್ಯದ ಕಾನೂನಿಗೆ ರಾಷ್ಟ್ರಪತಿ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಆ ರಾಜ್ಯದ ಮಟ್ಟಿಗೆ ಅದು ಉಳಿಯಬಹುದು.

ಇಲ್ಲಿ ಒಂದು ವಿಷಯ ನನಗೆ ನಿಜವಾಗಿಯೂ ಹೊಸದು. ಮೂರು ಪಟ್ಟಿಯಲ್ಲಿ ಎಲ್ಲಿಯೂ "ಧರ್ಮ" ಎಂದು ಒಂಟಿಯಾಗಿ ಒಂದು ನಮೂದು ಇಲ್ಲ! ಹಾಗಾದರೆ ಮತಾಂತರದ ಬಗ್ಗೆ ರಾಜ್ಯಗಳು ಕಾನೂನು ಮಾಡಿದ್ದು ಯಾವ ಹೊಲದಲ್ಲಿ? ಸಾರ್ವಜನಿಕ ಸುವ್ಯವಸ್ಥೆ, ಅಂದರೆ ರಾಜ್ಯ ಪಟ್ಟಿಯ ಮೊದಲನೇ ನಮೂದು. ಒಡಿಶಾ, ಮಧ್ಯಪ್ರದೇಶದ ಕಾನೂನುಗಳನ್ನು 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಈ ಆಧಾರದ ಮೇಲೆಯೇ ಎತ್ತಿಹಿಡಿಯಿತು. ಧರ್ಮ ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಎಂದೂ ಹೇಳಿತು. ಅದು ಸರಿಯೋ ತಪ್ಪೋ ಅಂತ ಕ್ಲಾಸಿನಲ್ಲಿ ಅರ್ಧ ಗಂಟೆ ಕೂಗಾಟ. ಸರ್ ಮಧ್ಯೆ ಬರಲಿಲ್ಲ, ನೀರು ಕುಡಿದು ಕೂತರು. ನನಗೆ ಅದು ಹಿಡಿಸಿತು, ಪಕ್ಕದಲ್ಲಿ ಕೂತಿದ್ದ ಟೀಚರಮ್ಮನಿಗೆ ಹಿಡಿಸಲಿಲ್ಲ.

ಎರಡನೇ ಭಾನುವಾರ ಕಂಪ್ಲಿ ಸೇತುವೆ ಮೇಲೆ ನೀರು ಹರಿಯುತ್ತಿತ್ತು. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ ಆಗುವುದೇ ಇದು. ಗಂಗಾವತಿ ಕಡೆಯವರು ಅರ್ಧ ಜನ ಬರಲಿಲ್ಲ, ಬಂದವರು ಸುತ್ತು ಹಾಕಿಕೊಂಡು ಬಂದರು. ಸರ್ ಅದನ್ನೇ ಹಿಡಿದುಕೊಂಡರು. "ಹೊಳೆ ಆಚೆ, ಈಚೆ ಅಂತ ಇವತ್ತು ಸೇತುವೆ ಮುಳುಗಿ ನೆನಪಾಯ್ತು. ಗುಡಿ ಕಾನೂನಿಗೆ ಆ ಸೇತುವೆ ಐವತ್ತು ವರ್ಷ ಮುಳುಗೇ ಇತ್ತು" ಅಂದರು. ಏನು ವಿಷಯ ಅಂದರೆ, ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿ. ರಾಜ್ಯ ಒಂದಾಯಿತು, ಹಳೆಯ ಕಾನೂನುಗಳು ಮಾತ್ರ ಅವವುಗಳ ಜಾಗದಲ್ಲೇ ಉಳಿದವು. ಬಳ್ಳಾರಿಯ ಗುಡಿಗಳಿಗೆ 1951ರ ಮದ್ರಾಸು ದತ್ತಿ ಕಾಯ್ದೆ. ಹೊಳೆ ದಾಟಿ ಹುಲಿಗಿಗೆ ಹೋದರೆ ಅಲ್ಲಿ ಫಸಲಿ 1349ರ (ಫಸಲಿ ಅಂದರೆ ನಿಜಾಮರ ಕಾಲದ ವರ್ಷದ ಎಣಿಕೆ) ಹೈದರಾಬಾದು ದತ್ತಿ ನಿಯಮ. ಹಳೇ ಮೈಸೂರಿಗೆ ಬೇರೆ, ಮುಂಬೈ ಕರ್ನಾಟಕಕ್ಕೆ ಬೇರೆ, ಕೊಡಗಿಗೆ ಇನ್ನೊಂದು. ಹುಣ್ಣಿಮೆಗೆ ಹುಲಿಗೆಮ್ಮನಿಗೆ ಹೋಗಿ ಬಂದು, ಮಂಗಳವಾರ ಇಲ್ಲಿ ಕನಕ ದುರ್ಗಮ್ಮನಿಗೆ ಕಾಯಿ ಒಡೆಸುವ ನಮ್ಮ ಅವ್ವನಿಗೆ ತಾನು ಎರಡು ಕಾನೂನು ದಾಟಿ ಬಂದೆ ಅಂತ ಗೊತ್ತೇ ಇರಲಿಲ್ಲ. ಎಲ್ಲಕ್ಕೂ ಸೇರಿಸಿ 1997ರಲ್ಲಿ ಒಂದೇ ಕಾಯ್ದೆ ಮಾಡಿದರು, ಅದು ಜಾರಿಗೆ ಬಂದದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟು ಆ ಕಾಯ್ದೆಯನ್ನೇ ರದ್ದು ಮಾಡಿತು, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಆಮೇಲೆ ಶಿರೂರು ಮಠದ ಕೇಸು. ಇದನ್ನು ಎಲ್ಲ ಗೈಡುಗಳಲ್ಲೂ ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ, "1954, ಧರ್ಮದ ಅಗತ್ಯ ಆಚರಣೆ" ಎಂದು. ಅಂದರೆ ಆ ಧರ್ಮಕ್ಕೆ ತೀರಾ ಅವಶ್ಯವಾದ ಆಚರಣೆಗೆ ಸಂವಿಧಾನದ ರಕ್ಷಣೆ ಇದೆ ಅನ್ನೋ ಮಾತು. ಸರ್ ಒಂದೂವರೆ ಗಂಟೆ ತೆಗೆದುಕೊಂಡರು. ಉಡುಪಿಯ ಮಠ, ಆಗ ಅದೂ ಮದ್ರಾಸು ಸರ್ಕಾರದ ಕೆಳಗೆ. ಅಂದರೆ ಕೇಸು ನಡೆದಿದ್ದು ನಮ್ಮ ಬಳ್ಳಾರಿ ಗುಡಿಗಳಿಗೂ ಅನ್ವಯಿಸುತ್ತಿದ್ದ ಅದೇ 1951ರ ಕಾಯ್ದೆ ಮೇಲೆ. ಕೋರ್ಟು ಆ ಕಾಯ್ದೆಯನ್ನು ಪೂರ್ತಿ ಬಿಸಾಕಲಿಲ್ಲ. ಆಸ್ತಿಪಾಸ್ತಿಯ ಲೆಕ್ಕ ಕೇಳಬಹುದು ಅಂದಿತು. ಆದರೆ ಅಧಿಕಾರಿಗಳು ಯಾವಾಗ ಬೇಕಾದರೆ ಆವಾಗ ಎಲ್ಲಿಗೆ ಬೇಕಾದರೂ ನುಗ್ಗಬಹುದು ಅನ್ನೋ ಕಲಮು ನಿಲ್ಲಲಿಲ್ಲ. ಅದು ಬದು ದಾಟಿದ್ದು. ಇನ್ನೊಂದು, ಮಠ ಮಂದಿರಗಳು ಆದಾಯದಲ್ಲಿ ಶೇಕಡಾ 5ರವರೆಗೆ ಸರ್ಕಾರಕ್ಕೆ ಕಟ್ಟಬೇಕು ಅನ್ನೋ ಕಲಮು. ಅದು ಶುಲ್ಕ ಅಲ್ಲ, ತೆರಿಗೆ. ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗೆ ಇಲ್ಲ ಅಂದಿತು. ಅದು ಹೊಲವೇ ಬೇರೆಯವರದು. ಒಂದೇ ಕಾನೂನು, ಒಂದೇ ತೀರ್ಪು, ಎರಡು ಕಾರಣಕ್ಕೆ ಎರಡು ಕಡೆ ಬಿದ್ದಿದೆ. ಬೋರ್ಡಿನ ಆ ಎರಡು ಸಾಲು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಆವಾಗಲೇ. ಮಾರನೇ ದಿನ ಆಫೀಸಿನಲ್ಲಿ ಜಿಎಸ್‌ಟಿ ಲೆಕ್ಕ ಹಾಕುವಾಗಲೂ ಇದು ಶುಲ್ಕವೋ ತೆರಿಗೆಯೋ ಅಂತ ಯೋಚನೆ ಬರುತ್ತಿತ್ತು.

ಮೂರನೇ ಭಾನುವಾರ ಸರ್ ಅಮೆರಿಕಕ್ಕೆ ಹೋದರು. ನನಗೆ ಮೊದಲು ಬೇಜಾರೇ ಆಯಿತು, ಪಿಡಿಒ ಪರೀಕ್ಷೆಗೆ ಟೆಕ್ಸಾಸ್ ಯಾಕೆ ಅಂತ. ಆದರೆ ಹೇಳಿದ ರೀತಿ ಹೇಗಿತ್ತು ಕೇಳಿ. ಆನೆಗುಂದಿಯಿಂದ ಬರುವ ಒಬ್ಬ ಹುಡುಗನನ್ನು ಎಬ್ಬಿಸಿ, "ನಿಮ್ಮೂರಲ್ಲಿ ಒಂದು ಗುಡಿ ಚಿಕ್ಕದಾಯ್ತು, ಜನ ಹಿಡಿಸಲ್ಲ, ದೊಡ್ಡದು ಮಾಡ್ತೀವಿ ಅಂದ್ರೆ ಏನಾಗುತ್ತೆ?" ಎಂದರು. ಅವನು ತಟ್ಟನೆ, "ಹಂಪಿ ಪ್ರಾಧಿಕಾರದೋರು ಬರ್ತಾರೆ ಸರ್" ಅಂದ. ಇಡೀ ಕ್ಲಾಸು ನಕ್ಕಿತು. ಟೆಕ್ಸಾಸಿನ ಬರ್ನಿ ಅನ್ನೋ ಊರಿನಲ್ಲಿ ಆಗಿದ್ದೂ ಅದೇ. ಸೇಂಟ್ ಪೀಟರ್ ಚರ್ಚು ಚಿಕ್ಕದಾಯಿತು, ದೊಡ್ಡದು ಮಾಡುತ್ತೇವೆ ಎಂದು ಅರ್ಜಿ ಕೊಟ್ಟರು. ಪಾರಂಪರಿಕ ಪ್ರದೇಶದಲ್ಲಿದೆ, ಆಗಲ್ಲ ಎಂದಿತು ಊರಿನ ಆಡಳಿತ. ಆರ್ಚ್‌ಬಿಷಪ್ ಫ್ಲೋರೆಸ್ ಕೋರ್ಟಿಗೆ ಹೋದರು.

ಅವರು ಹಿಡಿದದ್ದು 1993ರ ಒಂದು ಕಾನೂನನ್ನು. ಅದರ ಹಿಂದೆ ಇನ್ನೊಂದು ಕತೆ ಇದೆ. 1990ರಲ್ಲಿ ಒರೆಗಾನ್ ರಾಜ್ಯದ ಸ್ಮಿತ್ ಪ್ರಕರಣ. ಅಲ್ಲಿನ ಮೂಲನಿವಾಸಿಗಳ ಪೂಜೆಯಲ್ಲಿ ಪೆಯೋಟಿ ಎಂಬ ಪಾಪಾಸುಕಳ್ಳಿಯ ಜಾತಿಯನ್ನು ಸೇವಿಸುತ್ತಾರೆ, ಅದು ಅಮಲಿನ ವಸ್ತು. ಸೇವಿಸಿದ ಇಬ್ಬರ ಕೆಲಸ ಹೋಯಿತು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾನೂನಿಗೆ ಧರ್ಮದ ಕಾರಣಕ್ಕೆ ವಿನಾಯಿತಿ ಕೊಡಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಮೆರಿಕದ ಸಂಸತ್ತಿಗೆ ಸಿಟ್ಟು ಬಂತು. ಕೋರ್ಟು ಹಾಗಂದರೆ ನಾವು ಹೀಗೆ ಎಂದು, ಧರ್ಮದ ಆಚರಣೆಗೆ ಅಡ್ಡಿ ಮಾಡಬೇಕಾದರೆ ಸರ್ಕಾರ ಬಹಳ ಗಟ್ಟಿ ಕಾರಣ ತೋರಿಸಬೇಕು ಅನ್ನೋ ಕಾಯ್ದೆ ತಂದರು. ಸೆನೆಟ್‌ನಲ್ಲಿ 97ಕ್ಕೆ 3 ಮತ. ಆದರೆ 1997ರಲ್ಲಿ ಬರ್ನಿ ಕೇಸಿನಲ್ಲಿ ಕೋರ್ಟು 6–3ರಲ್ಲಿ ಈ ಕಾಯ್ದೆ ರಾಜ್ಯಗಳ ಮೇಲೆ ನಡೆಯಲ್ಲ ಎಂದಿತು. ಹಕ್ಕನ್ನು ಜಾರಿ ಮಾಡುವ ಅಧಿಕಾರ ಸಂಸತ್ತಿಗೆ ಇದೆ, ಹಕ್ಕಿನ ಅರ್ಥವನ್ನೇ ಬದಲಿಸುವ ಅಧಿಕಾರ ಇಲ್ಲ ಎಂದು. ಕೇಂದ್ರ ಸರ್ಕಾರದ ಮೇಲೆ ಮಾತ್ರ ಆ ಕಾಯ್ದೆ ಇನ್ನೂ ನಡೆಯುತ್ತದೆ. ರಾಜ್ಯಗಳಲ್ಲಿ ಹಲವು ತಮ್ಮದೇ ಕಾಯ್ದೆ ಮಾಡಿಕೊಂಡವು.

ಅಂದರೆ ಒಳ್ಳೆಯ ಉದ್ದೇಶಕ್ಕೇ ಮಾಡಿದ ಕಾನೂನು, ಧರ್ಮದ ಸ್ವಾತಂತ್ರ್ಯ ಜಾಸ್ತಿ ಮಾಡುವ ಕಾನೂನು, ಆದರೂ ಹೊಲ ತಮ್ಮದಲ್ಲ ಅಂತ ಬಿತ್ತು. ಇದು ನನಗೆ ಇಡೀ ಕೋರ್ಸಿನಲ್ಲಿ ತುಂಬಾ ಇಷ್ಟವಾದ ಪಾಠ. ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಗೊತ್ತು. ನಮ್ಮಲ್ಲಿ ಹಾಗಾಗಿದ್ದರೆ? ಸರ್ ಅದನ್ನೂ ಕೇಳಿದರು. ಅಮೆರಿಕದಲ್ಲಿ ಕೇಂದ್ರಕ್ಕೆ ಕೊಡದೆ ಉಳಿದ ಅಧಿಕಾರ ರಾಜ್ಯಗಳಿಗೆ, ಅಥವಾ ಜನರಿಗೆ. ನಮ್ಮಲ್ಲಿ ಪಟ್ಟಿಯಲ್ಲಿ ಇಲ್ಲದ್ದೆಲ್ಲ 248ನೇ ವಿಧಿ ಪ್ರಕಾರ ಸಂಸತ್ತಿಗೆ. ಅಲ್ಲದೆ ನಮ್ಮ ಸಂಸತ್ತು ಸಂವಿಧಾನವನ್ನೇ ತಿದ್ದಬಹುದು, ಮೂಲ ರಚನೆಗೆ, ಅಂದರೆ ಸಂವಿಧಾನದ ತಿರುಳಿಗೆ, ಕೈ ಹಚ್ಚದೆ. ಆ ಮೂಲ ರಚನೆಯ ಮಾತು ಬಂದ ಕೇಶವಾನಂದ ಭಾರತಿ ಪ್ರಕರಣವೂ (1973, ಹದಿಮೂರು ಜಡ್ಜುಗಳು, 7–6) ಶುರುವಾಗಿದ್ದು ಕಾಸರಗೋಡಿನ ಎಡನೀರು ಮಠದ ಜಮೀನು, ಕೇರಳದ ಭೂಸುಧಾರಣೆ ಕಾನೂನಿನಿಂದ. ಶಿರೂರು ಮಠ ನಮ್ಮದು, ಎಡನೀರು ಕನ್ನಡದ ಮಠ, 1958ರ ವೆಂಕಟರಮಣ ದೇವರು ಕೇಸು ಮೂಲ್ಕಿಯ ಗುಡಿಯದ್ದು. ಧರ್ಮನಿರಪೇಕ್ಷತೆ, ಒಕ್ಕೂಟ ವ್ಯವಸ್ಥೆ ಎರಡನ್ನೂ ಮೂಲ ರಚನೆಯಲ್ಲಿ ಸೇರಿಸಿದ 1994ರ ತೀರ್ಪು ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಕೇಸಿನದ್ದು, 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದಕ್ಕೆ. ದೇಶದ ಕಾನೂನು ಓದುವವರೆಲ್ಲ ನಮ್ಮವರ ಹೆಸರು ಓದುತ್ತಾರೆ, ನಾವು ಮಾತ್ರ ಗೈಡಿನ ಒಂದು ಸಾಲಿನಲ್ಲಿ ದಾಟಿಕೊಂಡು ಹೋಗುತ್ತೇವೆ, ಅಲ್ವಾ?

ನಾಲ್ಕನೇ ಭಾನುವಾರ ಸ್ವಲ್ಪ ಬಿಸಿ ಇತ್ತು, ಶೀಟಿನ ಬಿಸಿ ಅಲ್ಲ. ಹಿಜಾಬ್ ವಿಷಯ. ಆ ಕೌಲ್ ಬಜಾರಿನ ಹುಡುಗಿ ಎದುರಿನ ಬೆಂಚಿನಲ್ಲೇ ಕೂತಿದ್ದಳು. ಸರ್ ಮೊದಲೇ ಒಂದು ಮಾತು ಸ್ಪಷ್ಟ ಮಾಡಿದರು: ಅದು ಶಾಸನಸಭೆ ಮಾಡಿದ ಕಾನೂನಲ್ಲ, ಶಾಲೆ ಕಾಲೇಜಿನ ಸಮವಸ್ತ್ರದ ಬಗ್ಗೆ 2022ರ ಫೆಬ್ರವರಿ 5ರ ಸರ್ಕಾರಿ ಆದೇಶ. ಮಾರ್ಚ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಹಿಜಾಬ್ ಧರ್ಮದ ಅಗತ್ಯ ಆಚರಣೆ ಅಲ್ಲ ಎಂದಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜುಗಳು ಎರಡು ದಾರಿ ಹಿಡಿದರು, ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿ ವಜಾ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಪುರಸ್ಕಾರ. ಜೊತೆಗೆ 1986ರ ಕೇರಳದ ಮೂರು ಮಕ್ಕಳ ಕೇಸು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ತಮ್ಮ ನಂಬಿಕೆ ಒಪ್ಪಲ್ಲ ಎಂದು ಹಾಡಲಿಲ್ಲ, ಶಾಲೆಯಿಂದ ಹೊರಗೆ ಹಾಕಿದರು, ಸುಪ್ರೀಂ ಕೋರ್ಟು ವಾಪಸ್ ಸೇರಿಸಿಕೊಳ್ಳಿ ಎಂದಿತು. ಯಾರು ಯಾವ ಕಡೆ ಇದ್ದೀರಿ ಅಂತ ಸರ್ ಕೇಳಲಿಲ್ಲ. ಎರಡು ತೀರ್ಪಿನ ಕಾರಣಗಳನ್ನು ಎದುರುಬದರು ಬರೆಯಿರಿ ಎಂದರು. ಬರೆದೆವು. ಜಗಳ ಆಗುತ್ತದೆ ಎಂದು ನಾನು ಹೆದರಿದ್ದೆ, ಆಗಲಿಲ್ಲ.

ಧರ್ಮದ ಅಗತ್ಯ ಆಚರಣೆ ಯಾವುದು ಅಂತ ಕೋರ್ಟು ಹೇಗೆ ಹೇಳುತ್ತದೆ ಅನ್ನೋ ಪ್ರಶ್ನೆ ಮಾತ್ರ ಉಳಿಯಿತು. ಲಿಂಗಸುಗೂರಿನ ಒಬ್ಬರು ಮುದಗಲ್ ಮೊಹರಂ ಮಾತು ತೆಗೆದರು. ಅಲಾಯಿ ದೇವರಿಗೆ ಹಿಂದೂಗಳೂ ಹರಕೆ ಹೊರುತ್ತಾರೆ, ಅದು ಯಾವ ಧರ್ಮದ ಅಗತ್ಯ ಆಚರಣೆ ಸರ್? ಸರ್ ಉತ್ತರ ಕೊಡಲಿಲ್ಲ. "ಅದನ್ನ ಕೋರ್ಟಿಗೆ ಒಯ್ಯಬ್ಯಾಡ್ರಪ್ಪಾ" ಅಂದರು ಅಷ್ಟೇ.

ಇನ್ನು 371ಜೆ, ಹೈದರಾಬಾದ್ ಕರ್ನಾಟಕದ (ಈಗ ಕಲ್ಯಾಣ ಕರ್ನಾಟಕ) ಜಿಲ್ಲೆಯವರಿಗೆ ಕೆಲಸ, ಶಿಕ್ಷಣದಲ್ಲಿ ಮೀಸಲಾತಿ ಕೊಡುವ ವಿಧಿ. ನಮ್ಮ ಭಾಗದವರಿಗೆ ಇದು ಒಂದು ಸರ್ಟಿಫಿಕೇಟು, ಅಷ್ಟೇ. ಆದರೆ ಇದಕ್ಕೆ ಸಂವಿಧಾನವನ್ನೇ ಯಾಕೆ ತಿದ್ದಬೇಕಾಯಿತು, 2012ರ 98ನೇ ತಿದ್ದುಪಡಿ ಯಾಕೆ ಬೇಕಾಯಿತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಸರ್ಕಾರಿ ಕೆಲಸಕ್ಕೆ ಹುಟ್ಟಿದ ಊರು ನೋಡಬಾರದು ಎನ್ನುತ್ತದೆ 16ನೇ ವಿಧಿ. ವಾಸದ ಷರತ್ತು ಹಾಕಬೇಕಾದರೆ ಸಂಸತ್ತೇ ಹಾಕಬೇಕು, ನಮ್ಮ ವಿಧಾನಸಭೆಗೆ ಆ ಅಧಿಕಾರ ಇಲ್ಲ. ಅಲ್ಲಿಗೆ ಮತ್ತೆ ಅದೇ, ಹೊಲ ಯಾರದು. 1800ರಲ್ಲೇ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಬಳ್ಳಾರಿಯೂ ಇದರಲ್ಲಿ ಸೇರಿತು, ನಮ್ಮ ಪುಣ್ಯ. ಇದೇ ಸರಣಿಯ 371ಎ ನಾಗಾಲ್ಯಾಂಡಿನದು. ಅಲ್ಲಿ ನಾಗಾ ಜನರ ಧಾರ್ಮಿಕ, ಸಾಮಾಜಿಕ ಆಚರಣೆಗಳ ಬಗ್ಗೆ ಸಂಸತ್ತು ಮಾಡಿದ ಕಾನೂನು ಅವರ ವಿಧಾನಸಭೆ ಒಪ್ಪಿ ನಿರ್ಣಯ ಮಾಡುವವರೆಗೆ ನಡೆಯುವುದಿಲ್ಲ. ಮಿಜೋರಾಂಗೆ 371ಜಿ, ಹೆಚ್ಚುಕಡಿಮೆ ಹಾಗೇ. ಧರ್ಮ, ರಾಜ್ಯದ ಅಧಿಕಾರ ಎರಡೂ ಒಂದೇ ಕಲಮಿನಲ್ಲಿ. ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿದರು, ಇನ್ನೊಂದು ಗಂಟೆ ಬೇಕಿತ್ತು.

ಈಗ ದೂರು. ಪ್ರಿಂಟ್ ಮಾಡಿದ ನೋಟ್ಸಿಗೆ ಬೇರೆ 400 ರೂಪಾಯಿ ತೆಗೆದುಕೊಂಡರು, ಅದು ಸರ್ ಬರೆದದ್ದಲ್ಲ, ಎಲ್ಲಿಂದಲೋ ಎತ್ತಿದ್ದು. ಶಿಕ್ಷಣ ಇನ್ನೂ ರಾಜ್ಯ ಪಟ್ಟಿಯಲ್ಲೇ ಇದೆ ಅಂತ ಅಚ್ಚಾಗಿದೆ. 1976ರ 42ನೇ ತಿದ್ದುಪಡಿಯಲ್ಲಿ ಅದು ಸಮವರ್ತಿಗೆ ಹೋಗಿ ಎಷ್ಟು ಕಾಲವಾಯಿತು! 25ನೇ ವಿಧಿಯ ಹಕ್ಕು "ನಾಗರಿಕರಿಗೆ" ಅಂತ ಇದೆ. ಸಂವಿಧಾನದಲ್ಲಿ ಇರುವುದು "ಎಲ್ಲ ವ್ಯಕ್ತಿಗಳು". ಪರೀಕ್ಷೆಯಲ್ಲಿ ಇಂಥದ್ದನ್ನೇ ಕೇಳುತ್ತಾರೆ. ತೋರಿಸಿದರೆ ಆಫೀಸಿನಲ್ಲಿ ಕೂತ ಹುಡುಗ, "ಅಕ್ಕಾ, ಪೆನ್ನಲ್ಲಿ ತಿದ್ಕೊಳ್ರಿ" ಅಂದ. ನನ್ನ 400 ರೂಪಾಯಿಯನ್ನೂ ಪೆನ್ನಲ್ಲೇ ಬರೆದು ಕೊಟ್ಟಿದ್ದರೆ ಆಗುತ್ತಿತ್ತೇನೋ. ನೋಟ್ಸು ತೆಗೆದುಕೊಳ್ಳಬೇಡಿ, ಸಂವಿಧಾನದ ಪುಸ್ತಕವನ್ನೇ ಕೊಂಡುಕೊಳ್ಳಿ. ವಾರದ ಟೆಸ್ಟು ಹನ್ನೆರಡು ಅಂದಿದ್ದರು, ಆಗಿದ್ದು ಐದು. ಒಂದು ಭಾನುವಾರ ಮದುವೆ ಸೀಸನ್ ಅಂತ ರಜೆ, ಬದಲಿ ಕ್ಲಾಸಿಲ್ಲ.

ಬಹುಆಯ್ಕೆ ಪ್ರಶ್ನೆಗೆ ಬೇಗ ತಯಾರಾಗಬೇಕು ಅನ್ನುವವರಿಗೆ ಈ ಕ್ಲಾಸು ಸರಿಹೋಗಲ್ಲ, ಸುಮ್ನೆ ಬೈದುಕೊಳ್ಳುತ್ತೀರಿ. ಕೆಎಎಸ್ ಮುಖ್ಯ ಪರೀಕ್ಷೆಗೆ ಬರೆಯುವವರು, ಕಾನೂನು ಕಾಲೇಜಿನ ಮಕ್ಕಳು, ಇಲ್ಲ ನನ್ನ ಹಾಗೆ ಪೇಪರಿನಲ್ಲಿ ಓದಿದ್ದು ಅರ್ಥವಾಗದೆ ತಲೆಕೆಟ್ಟವರು ಹೋಗಬಹುದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಪಾಠಕ್ಕೆ ಮಾತ್ರ ಆದರೆ ನಾಲ್ಕೂವರೆ, ನೋಟ್ಸಿಗೆ ಒಂದು.

ಹೋಗುವವರು ಎಂಟೂವರೆಗೇ ಹೋಗಿ, ಗಾಳಿ ಬರುವ ಫ್ಯಾನು ಎಡಗಡೆ ಎರಡನೇ ಸಾಲಿನ ಮೇಲಿದೆ. ನೀರು ಮನೆಯಿಂದ ಒಯ್ಯಿರಿ. ಹನ್ನೊಂದಕ್ಕೆ ಬ್ರೇಕು, ಕೆಳಗೆ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಚೆನ್ನಾಗಿರುತ್ತದೆ, ಆದರೆ ಹನ್ನೊಂದೂಕಾಲಿಗೆ ಖಾಲಿ.